ಪ್ರಾಣಿದಯಾ ಸಂಸ್ಥೆಗಳು ಮತ್ತು ಧರ್ಮಾರ್ಥ ಪಶುವೈದ್ಯ ಸೇವೆ

ಲಾಭದ ಉದ್ದೇಶವಿಲ್ಲದೆ, ದಾನ ಮತ್ತು ಅನುದಾನಗಳ ಬಲದ ಮೇಲೆ ಪ್ರಾಣಿಗಳ ರಕ್ಷಣೆ, ಚಿಕಿತ್ಸೆ ಹಾಗೂ ಪಾಲನೆಯಲ್ಲಿ ತೊಡಗಿರುವ ನೋಂದಾಯಿತ ಸಂಘಗಳನ್ನೂ ಟ್ರಸ್ಟುಗಳನ್ನೂ ಪ್ರಾಣಿದಯಾ ಸಂಸ್ಥೆಗಳೆಂದು ಕರೆಯುತ್ತಾರೆ. ಸರ್ಕಾರಿ ಪಶು ಆಸ್ಪತ್ರೆಗೆ ಹಸುವನ್ನು ಹಿಡಿದು ತರುವವನು ರೈತ. ಖಾಸಗಿ ಚಿಕಿತ್ಸಾಲಯಕ್ಕೆ ನಾಯಿ ಬೆಕ್ಕುಗಳನ್ನು ಎತ್ತಿಕೊಂಡು ಬರುವವರು ಅವನ್ನು ಸಾಕಿದವರು. ಎಂದಿನಿಂದ ಮೇವು ಬಿಟ್ಟಿದೆ ಎಂದು ವೈದ್ಯರಿಗೆ ಹೇಳುವವರು, ಖರ್ಚು ಭರಿಸುವವರು, ಮನೆಗೆ ಹೋದ ಮೇಲೆ ಹೊತ್ತುಹೊತ್ತಿಗೆ ಔಷಧಿ ಕುಡಿಸುವವರು ಎಲ್ಲರೂ ಅವರೇ. ರಸ್ತೆಬದಿಯಲ್ಲಿ ಕಾಲು ಮುರಿದು ಬಿದ್ದ ನಾಯಿಗೆ, ಕಸದ ರಾಶಿಯ ಪಕ್ಕ ಹೊಟ್ಟೆಯುಬ್ಬರಿಸಿ ಮಲಗಿದ ಹಸುವಿಗೆ, ದಾರ ಸಿಕ್ಕಿ ರೆಕ್ಕೆ ಹರಿದ ಹದ್ದಿಗೆ ಇವರಾರೂ ಇಲ್ಲ. ಒಡೆಯರಿಲ್ಲದ ಪ್ರಾಣಿಯ ಪರವಾಗಿ ಒಡೆಯರ ಸ್ಥಾನದಲ್ಲಿ ನಿಲ್ಲುವುದು ಪ್ರಾಣಿದಯಾ ಸಂಸ್ಥೆಯ ಮೂಲ ಕೆಲಸ. ಅದರ ಉಳಿದೆಲ್ಲ ಚಟುವಟಿಕೆಗಳೂ ಇದರಿಂದಲೇ ಹೊರಡುತ್ತವೆ.

ಭಾರತದಲ್ಲಿ ಈ ಕೆಲಸದ ವ್ಯಾಪ್ತಿ ದೊಡ್ಡದು. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳೂ 50 ಲಕ್ಷಕ್ಕೂ ಹೆಚ್ಚು ಬಿಡಾಡಿ ದನಗಳೂ ಇದ್ದವು. ಗಾಡಿ ಎಳೆಯುವ ಎತ್ತು, ಇಟ್ಟಿಗೆ ಹೊರುವ ಕತ್ತೆ, ಮದುವೆ ಮೆರವಣಿಗೆಯ ಕುದುರೆ, ಗಾಯಗೊಂಡ ಕಾಡುಪ್ರಾಣಿ ಇವೆಲ್ಲ ಈ ಲೆಕ್ಕದ ಹೊರಗಿನವು.

ಇತಿಹಾಸ

ರೋಗಿ ಪ್ರಾಣಿಗಳಿಗೆ ಆಶ್ರಯ ಕೊಡುವ ಪದ್ಧತಿ ಭಾರತದಲ್ಲಿ ಹಳೆಯದು. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಎರಡನೆಯ ಬೃಹತ್ ಶಿಲಾಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿ ಗಿಡಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದ್ದನ್ನು ತಿಳಿಸುತ್ತದೆ. ಗುಜರಾತಿನಲ್ಲಿ ಜೈನ ಮತ್ತು ವೈಷ್ಣವ ವರ್ತಕರು ಮುದಿಯಾದ, ಕುಂಟಾದ ಪ್ರಾಣಿಗಳಿಗಾಗಿ ಪಿಂಜ್ರಾಪೋಲ್‌ಗಳನ್ನು ಕಟ್ಟಿ ನಡೆಸಿದರು. ವರ್ತಕ ಸಮುದಾಯಗಳೊಂದಿಗೆ ಈ ವ್ಯವಸ್ಥೆ ಇತರ ಪ್ರಾಂತಗಳಿಗೂ ಹೋಯಿತು. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜ್ರಾಪೋಲ್ ಇದೇ ಪರಂಪರೆಗೆ ಸೇರಿದ್ದು. ದೆಹಲಿಯ ಕೆಂಪುಕೋಟೆಯೆದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಪಕ್ಷಿಗಳಿಗೆಂದೇ ಧರ್ಮಾಸ್ಪತ್ರೆಯಿದೆ. ಮೇವು, ನೀರು, ನೆರಳು ಕೊಟ್ಟು ಕೊನೆಯವರೆಗೆ ನೋಡಿಕೊಳ್ಳುವುದು ಪಿಂಜ್ರಾಪೋಲಿನ ಮುಖ್ಯ ಗುರಿಯಾಗಿತ್ತು; ರೋಗನಿದಾನ ಮಾಡಿ ಗುಣಪಡಿಸುವ ವೈದ್ಯಕೀಯ ಅದರೊಳಗೆ ಬಂದದ್ದು ತಡವಾಗಿ.

ಕ್ರೌರ್ಯವನ್ನು ಕಾನೂನಿನಿಂದ ತಡೆಯುವ ಸಂಘಟನೆ ಬ್ರಿಟನ್ನಿನಲ್ಲಿ ಹುಟ್ಟಿತು. ದನ ಕುದುರೆಗಳನ್ನು ಹಿಂಸಿಸುವುದನ್ನು ಅಪರಾಧವೆಂದು ಸಾರುವ ಕಾಯ್ದೆಯನ್ನು ಸಂಸದ ರಿಚರ್ಡ್ ಮಾರ್ಟಿನ್ 1822ರಲ್ಲಿ ತಂದ. ಕಾಯ್ದೆ ಜಾರಿಯಾಗುವಂತೆ ನೋಡಿಕೊಳ್ಳಲು ಪಾದ್ರಿ ಆರ್ಥರ್ ಬ್ರೂಮ್, ಮಾರ್ಟಿನ್ ಹಾಗೂ ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಮೊದಲಾದವರು 1824ರಲ್ಲಿ ಲಂಡನ್ನಿನ ಕಾಫಿ ಮನೆಯೊಂದರಲ್ಲಿ ಸೇರಿ ಪ್ರಾಣಿಹಿಂಸಾ ನಿವಾರಣಾ ಸಂಘವನ್ನು ಸ್ಥಾಪಿಸಿದರು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮನ್ನಣೆ ದೊರೆತು ಅದು ರಾಯಲ್ ಸೊಸೈಟಿಯಾಯಿತು. ಇದೇ ಮಾದರಿಯ ಭಾರತದ ಮೊದಲ ಸಂಘವನ್ನು ಕೋಲ್ಸ್‌ವರ್ದಿ ಗ್ರಾಂಟ್ 1861ರಲ್ಲಿ ಕಲ್ಕತ್ತದಲ್ಲಿ ಆರಂಭಿಸಿದ. 1874ರಲ್ಲಿ ಬೊಂಬಾಯಿಯ ಸಂಘ ಹುಟ್ಟಿತು. ಪಾರ್ಸಿ ಉದ್ಯಮಿ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ತನ್ನ ಪತ್ನಿ ಸಕರ್‌ಬಾಯಿಯ ಹೆಸರಿನಲ್ಲಿ ನೀಡಿದ ದಾನದಿಂದ 1880ರ ದಶಕದಲ್ಲಿ ಪರೇಲ್‌ನ ಪ್ರಾಣಿ ಆಸ್ಪತ್ರೆ ತಲೆಯೆತ್ತಿತು. ಅದರ ಒಡನೆಯೇ ಬೊಂಬಾಯಿ ಪಶುವೈದ್ಯ ಕಾಲೇಜೂ ಆರಂಭವಾದ್ದರಿಂದ ದಾನ, ಚಿಕಿತ್ಸೆ ಮತ್ತು ವೈದ್ಯಶಿಕ್ಷಣ ಒಂದೇ ಆವರಣದಲ್ಲಿ ಕೂಡಿದವು.

20ನೆಯ ಶತಮಾನದಲ್ಲಿ ಬಡವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ನೀಡುವ ಸಂಸ್ಥೆಗಳು ಬಂದವು. ಮರಿಯಾ ಡಿಕಿನ್ 1917ರಲ್ಲಿ ಪೂರ್ವ ಲಂಡನ್ನಿನ ನೆಲಮಾಳಿಗೆಯೊಂದರಲ್ಲಿ ತೆರೆದ ಔಷಧಾಲಯ ಇಂದಿನ ಪಿಡಿಎಸ್‌ಎ ಸಂಸ್ಥೆಯಾಗಿ ಬೆಳೆದಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿ ಮಾರಿಹೋಗಿ, ಎಲುಬಿನ ಗೂಡಾಗಿ ದುಡಿಯುತ್ತಿದ್ದ ಸೇನಾ ಕುದುರೆಗಳನ್ನು ಕಂಡು ಮರುಗಿದ ಡೊರೊಥಿ ಬ್ರೂಕ್ 1934ರಲ್ಲಿ ಕೈರೋದಲ್ಲಿ ಆಸ್ಪತ್ರೆ ಸ್ಥಾಪಿಸಿದಳು. ಅವಳ ಹೆಸರಿನ ಸಂಸ್ಥೆ ಇಂದು ಭಾರತದಲ್ಲಿಯೂ ಕುದುರೆ, ಕತ್ತೆ, ಹೇಸರಗತ್ತೆಗಳ ನಡುವೆ ಕೆಲಸ ಮಾಡುತ್ತಿದೆ.

ಕಾನೂನಿನ ಚೌಕಟ್ಟು

ಸ್ವತಂತ್ರ ಭಾರತದ ಪ್ರಾಣಿಕಲ್ಯಾಣ ಕಾನೂನಿನ ಹಿಂದೆ ಭರತನಾಟ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಇದ್ದರು. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಅಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಸಮಗ್ರ ಕಾಯ್ದೆ ತರುವುದಾಗಿ ಒಪ್ಪಿಕೊಂಡಿತು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆ ಅದರ ಫಲ. ಅದರಡಿ 1962ರಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ರುಕ್ಮಿಣೀದೇವಿಯವರೇ ಮೊದಲ ಅಧ್ಯಕ್ಷೆ. ಸಂಸ್ಥೆಗಳಿಗೆ ಮಾನ್ಯತೆ ನೀಡುವುದು, ಅನುದಾನ ಹಂಚುವುದು, ಸರ್ಕಾರಕ್ಕೆ ಸಲಹೆ ಕೊಡುವುದು ಮಂಡಳಿಯ ಹೊಣೆ. ಕಾಯ್ದೆಯ 11ನೆಯ ಕಲಮು ಹೊಡೆಯುವುದು, ಮಿತಿಮೀರಿ ಹೊರೆ ಹೊರಿಸುವುದು, ಮೇವು ನೀರು ಕೊಡದಿರುವುದು, ರೋಗಪೀಡಿತ ಪ್ರಾಣಿಯನ್ನು ಬೀದಿಯಲ್ಲಿ ಸಾಯಲು ಬಿಡುವುದು ಮುಂತಾದವನ್ನು ಕ್ರೌರ್ಯವೆಂದು ಪಟ್ಟಿಮಾಡುತ್ತದೆ. ಆದರೆ ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ. ಆರು ದಶಕಗಳ ಹಿಂದಿನ ಈ ಮೊತ್ತವನ್ನು ಏರಿಸಬೇಕೆಂಬುದು ಪ್ರಾಣಿದಯಾ ಸಂಸ್ಥೆಗಳ ಬಹುಕಾಲದ ಬೇಡಿಕೆ.

ಸಂವಿಧಾನದ 42ನೆಯ ತಿದ್ದುಪಡಿ (1976) ಸೇರಿಸಿದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ಅನುಕಂಪ ತೋರುವುದನ್ನು ಪ್ರಜೆಯ ಮೂಲಭೂತ ಕರ್ತವ್ಯವಾಗಿಸಿತು. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ಹಸಿವು ಬಾಯಾರಿಕೆಗಳಿಂದ ಬಿಡುಗಡೆ. ಕಷ್ಟದ ನೆಲೆಯಿಂದ ಬಿಡುಗಡೆ. ನೋವು, ಗಾಯ, ರೋಗಗಳಿಂದ ಬಿಡುಗಡೆ. ಭಯ ಸಂಕಟಗಳಿಂದ ಬಿಡುಗಡೆ. ಸಹಜವಾಗಿ ನಡೆದುಕೊಳ್ಳುವ ಅವಕಾಶ. ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯ 1965ರ ವರದಿಯಲ್ಲಿ ಇವುಗಳ ಬೇರಿದೆ. ಆಶ್ರಯಧಾಮವೊಂದು ಚೆನ್ನಾಗಿ ನಡೆಯುತ್ತಿದೆಯೇ ಎಂದು ತೂಗಿನೋಡಲು ಇವೇ ಅಳತೆಗೋಲು. ಜಲ್ಲಿಕಟ್ಟು ಮತ್ತು ಕಂಬಳಗಳಿಗೆ ಅವಕಾಶ ಕೊಡಲು ತಮಿಳುನಾಡು, ಕರ್ನಾಟಕಗಳು 2017ರಲ್ಲಿ ಕಾಯ್ದೆಗೆ ತಂದ ತಿದ್ದುಪಡಿಗಳನ್ನು ಸಂವಿಧಾನ ಪೀಠ 2023ರ ಮೇ ತಿಂಗಳಲ್ಲಿ ಮಾನ್ಯ ಮಾಡಿತು.

ಕೆಲವು ಪ್ರಮುಖ ಸಂಸ್ಥೆಗಳು

ಬ್ಲೂ ಕ್ರಾಸ್ ಆಫ್ ಇಂಡಿಯಾ 1959ರಲ್ಲಿ ಮದರಾಸಿನಲ್ಲಿ, ವಿಮಾನ ಚಾಲಕ ಕ್ಯಾಪ್ಟನ್ ವಿ. ಸುಂದರಂ ಅವರ ಮನೆಯಲ್ಲಿ ಆರಂಭವಾಯಿತು. ಮಳೆಯ ನೆರೆಯಲ್ಲಿ ಮುಳುಗುತ್ತಿದ್ದ ನಾಯಿಮರಿಗಳನ್ನು ಅವರು ಎತ್ತಿ ತಂದದ್ದು ಅದರ ಮೊದಲು. ಅವರ ಪತ್ನಿ ಉಷಾ ಸುಂದರಂ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಚಾಲನೆ ಕಲಿತವರು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಚಿಕಿತ್ಸೆ ಮಾಡಬೇಕೆಂದು ಈ ಸಂಸ್ಥೆ 1960ರ ದಶಕದಿಂದಲೇ ವಾದಿಸುತ್ತ, ಮಾಡಿ ತೋರಿಸುತ್ತ ಬಂದಿತು. ಮದರಾಸು ನಗರಪಾಲಿಕೆ ಆ ಮಾತಿಗೆ ಒಪ್ಪಿ ಕೊಲ್ಲುವುದನ್ನು ಕೈಬಿಟ್ಟದ್ದು 1996ರಲ್ಲಿ.

ಬ್ರಿಟಿಷ್ ಮೂಲದ ಕ್ರಿಸ್ಟಲ್ ರೋಜರ್ಸ್ ಭಾರತದ ಮೂರು ನಗರಗಳಲ್ಲಿ ಪ್ರಾಣಿಸೇವೆಯ ನೆಲೆ ಕಟ್ಟಿದರು. ದೆಹಲಿಯಲ್ಲಿ ಕೆಲಸ ಆರಂಭಿಸಿದ ಅವರು 1980ರಲ್ಲಿ ಜೈಪುರದಲ್ಲಿ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆಯನ್ನೂ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂದೇ ಪರಿಚಿತವಾದ ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್ ಸಂಸ್ಥೆಯನ್ನೂ ಸ್ಥಾಪಿಸಿದರು. ಅನುಕಂಪಕ್ಕೆ ಮಿತಿಯಿರಬಾರದು, ಆದರೆ ಅದರ ಜೊತೆಗೆ ಕೆಲಸವೂ ಆಗಬೇಕು ಎಂಬುದು ಆ ಹೆಸರಿನ ಆಶಯ. ಮೇನಕಾ ಗಾಂಧಿ 1992ರಲ್ಲಿ ಆರಂಭಿಸಿದ ಪೀಪಲ್ ಫಾರ್ ಅನಿಮಲ್ಸ್ ಹಲವು ನಗರಗಳಲ್ಲಿ ಘಟಕಗಳನ್ನು ಹೊಂದಿದ್ದು, ಬೆಂಗಳೂರಿನ ಕೆಂಗೇರಿ ಬಳಿಯ ಅದರ ಘಟಕ ನಗರದ ಕಾಡುಜೀವಿಗಳ ಆಸ್ಪತ್ರೆಯಾಗಿದೆ.

ರಕ್ಷಣೆ ಮತ್ತು ತುರ್ತು ಚಿಕಿತ್ಸೆ

ಸಂಸ್ಥೆಗೆ ಬರುವ ಹೆಚ್ಚಿನ ಕರೆಗಳು ವಾಹನ ಗುದ್ದಿದ ನಾಯಿ ಬೆಕ್ಕುಗಳದ್ದು. ನೋವಿನಲ್ಲಿರುವ ನಾಯಿ ನೆರವಿಗೆ ಬಂದವರನ್ನೂ ಕಚ್ಚುತ್ತದೆ. ಆದ್ದರಿಂದ ಮೊದಲು ಬಾಯಿಗೆ ಬಟ್ಟೆಯ ಪಟ್ಟಿ ಬಿಗಿದು, ಬೆನ್ನುಮೂಳೆ ಅಲುಗದಂತೆ ಹಲಗೆ ಅಥವಾ ಗೋಣಿಚೀಲದ ಮೇಲೆ ಜಾರಿಸಿ ಆಂಬುಲೆನ್ಸಿಗೆ ಏರಿಸುತ್ತಾರೆ. ಆಸ್ಪತ್ರೆಯಲ್ಲಿ ಒಸಡಿನ ಬಣ್ಣ ನೋಡುವುದು ಮೊದಲ ಪರೀಕ್ಷೆ. ಒಸಡು ಬಿಳಿಚಿಕೊಂಡಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ಹಿಂಗಾಲಿನ ಬೆರಳನ್ನು ಚಿವುಟಿದಾಗ ನಾಯಿ ತಲೆ ತಿರುಗಿಸಿ ನೋಡಿದರೆ ಬೆನ್ನುಹುರಿಯಲ್ಲಿ ಇನ್ನೂ ಸಂವೇದನೆಯಿದೆ, ನಡೆಯುವ ಆಸೆಯಿದೆ.

ಹುಳು ಬಿದ್ದ ಗಾಯ ಬೀದಿಪ್ರಾಣಿಗಳ ಇನ್ನೊಂದು ದೊಡ್ಡ ಪಿಡುಗು. ಚಿಕ್ಕ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನಗಳಲ್ಲಿ ಹುಳುಗಳು ಮಾಂಸವನ್ನು ಕೊರೆಯತೊಡಗುತ್ತವೆ. ಸಾಕಿದ ನಾಯಿಯಾಗಿದ್ದರೆ ಮೊದಲ ದಿನವೇ ಯಾರಾದರೂ ಗಮನಿಸುತ್ತಿದ್ದರು. ಬೀದಿಯ ನಾಯಿಯಲ್ಲಿ ವಾಸನೆ ಹರಡಿದ ಮೇಲಷ್ಟೇ ಗೊತ್ತಾಗುತ್ತದೆ. ಟರ್ಪೆಂಟೈನ್ ಎಣ್ಣೆ ಹಾಕಿದಾಗ ಹೊರಬರುವ ಹುಳುಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆದು, ಗಾಯ ತೊಳೆದು, ದಿನವೂ ಪಟ್ಟಿ ಬದಲಿಸುತ್ತಾರೆ. ಕಜ್ಜಿ ಹಿಡಿದು ಕೂದಲುದುರಿದ ನಾಯಿಗಳಿಗೆ ಐವರ್‌ಮೆಕ್ಟಿನ್, ಜನನಾಂಗದ ಅಂಟುಗಡ್ಡೆಗೆ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಡುತ್ತಾರೆ. ಈ ಎರಡೂ ಕಾಯಿಲೆಗಳು ನೋಡಲು ಭೀಕರವಾದರೂ ಸಾಮಾನ್ಯವಾಗಿ ವಾಸಿಯಾಗುತ್ತವೆ. ಡಿಸ್ಟೆಂಪರ್ ಮತ್ತು ಪಾರ್ವೊ ವೈರಸ್ ರೋಗಗಳು ಹಾಗಲ್ಲ. ಮರಿಗಳಿರುವ ಆಶ್ರಯಧಾಮಕ್ಕೆ ಒಮ್ಮೆ ಹೊಕ್ಕರೆ ಅವು ಸಾಲುಸಾಲಾಗಿ ಬಲಿ ಪಡೆಯುತ್ತವೆ. ಆದ್ದರಿಂದ ಹೊಸದಾಗಿ ಬಂದ ಪ್ರಾಣಿಯನ್ನು ಬೇರೆಯಾಗಿಡುವ ಕೋಣೆ, ಬೇರೆ ಬಟ್ಟಲು, ಬೇರೆ ಪೊರಕೆ ಒಳ್ಳೆಯ ಆಸ್ಪತ್ರೆಯಲ್ಲಿ ಇದ್ದೇ ಇರುತ್ತವೆ.

ಬೀದಿನಾಯಿಗಳ ಸಂತಾನ ನಿಯಂತ್ರಣ

ನಗರಗಳಲ್ಲಿ ಪ್ರಾಣಿದಯಾ ಸಂಸ್ಥೆಗಳ ಅತಿ ದೊಡ್ಡ ಹೊಣೆ ಎಬಿಸಿ ಎಂದು ಕರೆಯಲಾಗುವ ಸಂತಾನ ನಿಯಂತ್ರಣ ಕಾರ್ಯಕ್ರಮ. 2001ರ ನಿಯಮಗಳು ಇದಕ್ಕೆ ಕಾನೂನಿನ ರೂಪ ಕೊಟ್ಟವು. 2023ರ ಮಾರ್ಚಿನಲ್ಲಿ ಹೊಸ ನಿಯಮಗಳು ಅವುಗಳ ಜಾಗಕ್ಕೆ ಬಂದವು. ಕಾರ್ಯಕ್ರಮ ನಡೆಸುವ ಹೊಣೆ ಸ್ಥಳೀಯ ಸಂಸ್ಥೆಯದ್ದು. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಪ್ರಾಣಿದಯಾ ಸಂಸ್ಥೆ ಅದನ್ನು ಗುತ್ತಿಗೆಯ ಮೇಲೆ ಮಾಡಿಕೊಡುತ್ತದೆ. ನಾಯಿಯನ್ನು ಹಿಡಿದ ಜಾಗದಲ್ಲಿಯೇ ಮರಳಿ ಬಿಡುವುದು ನಿಯಮದ ತಿರುಳು. ಒಂದು ಬೀದಿಯ ನಾಯಿಗಳನ್ನೆಲ್ಲ ತೆರವುಗೊಳಿಸಿದರೆ ಅಲ್ಲಿನ ಕಸ, ಎಂಜಲು ಹಾಗೆಯೇ ಉಳಿಯುತ್ತದೆ; ಪಕ್ಕದ ಬೀದಿಯಿಂದ ಲಸಿಕೆಯಾಗದ, ಮರಿಹಾಕುವ ನಾಯಿಗಳು ಆ ಜಾಗಕ್ಕೆ ಬರುತ್ತವೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಸುಮಾರು 63 ದಿನಗಳಲ್ಲಿ ಈಯುತ್ತದೆ. ಖಾಲಿಯಾದ ಬೀದಿ ಮತ್ತೆ ತುಂಬಲು ಹೆಚ್ಚು ಕಾಲ ಬೇಕಿಲ್ಲ.

ಕೆಲಸ ನಸುಕಿನಲ್ಲಿ, ರಸ್ತೆಗಳು ಖಾಲಿ ಇರುವಾಗ ಶುರುವಾಗುತ್ತದೆ. ಉದ್ದ ಹಿಡಿಯ ಬಲೆ ಹಿಡಿದ ಇಬ್ಬರು ಮೂವರು ಸದ್ದಿಲ್ಲದೆ ಸುತ್ತುವರಿದು ನಾಯಿಯನ್ನು ಹಿಡಿಯುತ್ತಾರೆ. ಆ ಕ್ಷಣವೇ ಕೊರಳಿಗೆ ಸಂಖ್ಯೆಯ ಪಟ್ಟಿ ಕಟ್ಟಿ, ಹಿಡಿದ ಬೀದಿಯ ಹೆಸರು ಮತ್ತು ಗುರುತನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಈ ನಮೂದು ತಪ್ಪಿದರೆ ನಾಯಿ ಮರಳಿ ತನ್ನ ಬೀದಿ ಸೇರುವುದಿಲ್ಲ. ರಾತ್ರಿಯಿಡೀ ಉಪವಾಸವಿರಿಸಿ ಮರುದಿನ ತೂಕ ಮಾಡಿ, ಜೈಲಜೀನ್ ಮತ್ತು ಕೆಟಮಿನ್ ಅರಿವಳಿಕೆ ಕೊಡುತ್ತಾರೆ. ಹೊಟ್ಟೆ ಬೋಳಿಸಿ ಸೋಂಕುನಿವಾರಕ ಹಚ್ಚಿದ ಮೇಲೆ ವೈದ್ಯರು ಒಂದೆರಡು ಅಂಗುಲದಷ್ಟೇ ಸೀಳಿ, ಬೆರಳಿನಿಂದಲೋ ಕೊಕ್ಕೆಯಿಂದಲೋ ಗರ್ಭಕೋಶದ ಕವಲನ್ನು ಹುಡುಕಿ ಮೇಲೆತ್ತುತ್ತಾರೆ. ಎರಡೂ ಅಂಡಾಶಯಗಳ ರಕ್ತನಾಳಕ್ಕೆ ಬಿಗಿಯಾಗಿ ಗಂಟು ಹಾಕಿ ಗರ್ಭಕೋಶದ ಸಮೇತ ತೆಗೆಯುತ್ತಾರೆ. ಆ ಗಂಟು ಸಡಿಲವಾದರೆ ನಾಯಿ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ನುರಿತ ಕೈಗೂ ಹೊಸ ಕೈಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಗಂಡುನಾಯಿಯಲ್ಲಿ ವೃಷಣಗಳನ್ನು ತೆಗೆಯುವುದು ಇದಕ್ಕಿಂತ ಸುಲಭ. ನಾಯಿ ಇನ್ನೂ ಮಂಪರಿನಲ್ಲಿರುವಾಗಲೇ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಮಾಡಿ, ರೇಬಿಸ್ ಲಸಿಕೆ ಹಾಕುತ್ತಾರೆ. ಹೊಲಿಗೆ ಕೂಡುವವರೆಗೆ ಕೆಲವು ದಿನ ಗೂಡಿನಲ್ಲಿಟ್ಟು, ಗಾಯ ಒಣಗಿದ್ದನ್ನು ನೋಡಿ ಬಿಡುತ್ತಾರೆ. ಬೀದಿಯಲ್ಲಿ ಕಿವಿಯ ತುದಿಗೆ ಕಚ್ಚು ಮಾಡಿರುವ ನಾಯಿ ಕಂಡರೆ ಅದು ಈ ದಾರಿಯಲ್ಲಿ ಹೋಗಿ ಬಂದದ್ದೆಂದು ತಿಳಿಯಬಹುದು.

ಜೈಪುರದಲ್ಲಿ ಹೆಲ್ಪ್ ಇನ್ ಸಫರಿಂಗ್ 1994ರಿಂದ 2002ರವರೆಗೆ ಮಾಡಿದ ಕೆಲಸದ ಲೆಕ್ಕವನ್ನು 2006ರಲ್ಲಿ ಪ್ರಕಟಿಸಿತು. ಕಾರ್ಯಕ್ರಮದ ಪ್ರದೇಶದಲ್ಲಿ ಸುಮಾರು 65% ಹೆಣ್ಣುನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯಾಗಿತ್ತು, ನಾಯಿಗಳ ಸಂಖ್ಯೆ 28% ಇಳಿದಿತ್ತು, ಮನುಷ್ಯರ ರೇಬಿಸ್ ಪ್ರಕರಣಗಳು ಸೊನ್ನೆಗೆ ಬಂದಿದ್ದವು. ಬೆಂಗಳೂರಿನಲ್ಲಿ 2019ರ ಎಣಿಕೆಯಂತೆ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರ ಎಣಿಕೆಯಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದಿದ್ದವು. ಚಿಕಿತ್ಸೆಯಾದ ನಾಯಿಗಳ ಪಾಲು ಸುಮಾರು 51%ರಿಂದ 72%ಕ್ಕೆ ಏರಿತ್ತು.

ರೇಬಿಸ್ ತಡೆ

ಹುಚ್ಚುನಾಯಿ ರೋಗ ಎಂದು ಹಳ್ಳಿಗಳಲ್ಲಿ ಹೇಳುವ ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಮನುಷ್ಯರಿಗೆ ತಗಲುವ ಸೋಂಕಿನಲ್ಲಿ 99%ವರೆಗೆ ನಾಯಿಯಿಂದ ಬಂದದ್ದು. ಭಾರತದಲ್ಲಿ ವರ್ಷಕ್ಕೆ 18,000ದಿಂದ 20,000 ಸಾವುಗಳೆಂಬುದು ಹಿಂದಿನ ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ಸಮೀಕ್ಷೆ ಅದನ್ನು ಸುಮಾರು 5,700 ಎಂದು ಅಂದಾಜಿಸಿದೆ. ಒಂದು ಪ್ರದೇಶದ ನಾಯಿಗಳಲ್ಲಿ 70%ಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ. 2013ರಲ್ಲಿ ಆರಂಭವಾದ ಮಿಷನ್ ರೇಬಿಸ್ ಎಂಬ ಧರ್ಮಾರ್ಥ ಸಂಸ್ಥೆ ಗೋವಾ ಸರ್ಕಾರದೊಡನೆ ಸೇರಿ, ನಾಯಿಗಳಿಗೆ ಸಾಮೂಹಿಕ ಲಸಿಕೆ, ಶಾಲೆಗಳಲ್ಲಿ ಪಾಠ, ಶಂಕಿತ ಪ್ರಕರಣಗಳ ಪತ್ತೆ ಈ ಮೂರನ್ನೂ ಒಟ್ಟಿಗೆ ನಡೆಸಿತು. 2021ರಲ್ಲಿ ಗೋವಾ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಣೆಯಾಯಿತು. ನಾಯಿಯಿಂದ ಬರುವ ರೇಬಿಸ್ ಅನ್ನು 2030ರ ಹೊತ್ತಿಗೆ ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆಯೂ ಅದೇ ವರ್ಷ ಹೊರಬಂದಿತು.

ಶಾಲೆಗಳಲ್ಲಿ ಸಂಸ್ಥೆಗಳು ಮಕ್ಕಳಿಗೆ ಹೇಳಿಕೊಡುವ ಪಾಠ ಸರಳ: ತಿನ್ನುವ, ಮಲಗಿರುವ, ಮರಿಗಳ ಜೊತೆಗಿರುವ ನಾಯಿಯ ಬಳಿ ಹೋಗಬಾರದು, ಓಡಬಾರದು, ಕಚ್ಚಿದರೆ ಮನೆಯಲ್ಲಿ ಮುಚ್ಚಿಡದೆ ಹೇಳಬೇಕು, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಬಿಡಾಡಿ ದನಗಳು

ಹಾಲು ಬತ್ತಿದ ಹಸುವನ್ನೂ, ಉಳುಮೆಗೆ ಬೇಡವಾದ ಹೋರಿಗರುವನ್ನೂ ಬೀದಿಗೆ ಬಿಡುವುದರಿಂದ ಈ ಸಮಸ್ಯೆ ಹುಟ್ಟುತ್ತದೆ. ಹಾಲು ಕರೆಯುವ ಹಸುವನ್ನೇ ಹಗಲು ಮೇಯಲು ಬಿಡುವುದೂ ಉಂಟು. ಅಡುಗೆಮನೆಯ ಉಳಿಕೆಯನ್ನು ಜನ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯುತ್ತಾರೆ. ಹಸು ಮೊದಲು ಆತುರದಲ್ಲಿ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಗಂಟು ಬಿಚ್ಚದೆ ಚೀಲದ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಜೀರ್ಣವಾಗುವುದಿಲ್ಲ, ಮುಂದಕ್ಕೂ ಸಾಗುವುದಿಲ್ಲ. ವರ್ಷಗಟ್ಟಲೆ ಮೊದಲ ಹೊಟ್ಟೆಯಲ್ಲಿ ಸೇರಿ ಹಗ್ಗದಂತೆ ಹೊಸೆದುಕೊಂಡು ಗಟ್ಟಿ ಉಂಡೆಯಾಗುತ್ತದೆ. ಹೊರಗಿನಿಂದ ಹಸು ಮೈತುಂಬಿಕೊಂಡಂತೆ ಕಾಣುತ್ತದೆ. ಒಳಗೆ ಮೇವಿಗೆ ಜಾಗವೇ ಇರುವುದಿಲ್ಲ.

ಇದಕ್ಕಿರುವ ಚಿಕಿತ್ಸೆ ಹೊಟ್ಟೆ ತೆರೆದು ತೆಗೆಯುವುದು. ಹಸುವನ್ನು ನಿಲ್ಲಿಸಿಯೇ, ಎಡ ಪಕ್ಕೆಗೆ ಅರಿವಳಿಕೆ ಕೊಟ್ಟು ಸೀಳುತ್ತಾರೆ. ಒಳಗಿನ ಗಸಿ ಹೊಟ್ಟೆಯ ಕುಹರಕ್ಕೆ ಚೆಲ್ಲದಂತೆ ಮೊದಲ ಹೊಟ್ಟೆಯ ಗೋಡೆಯನ್ನು ಚರ್ಮಕ್ಕೆ ಹೊಲಿದು, ಆಮೇಲೆ ಅದನ್ನು ತೆರೆಯುತ್ತಾರೆ. ಭುಜದವರೆಗೆ ಕೈಚೀಲ ತೊಟ್ಟ ವೈದ್ಯರು ತೋಳನ್ನು ಒಳಗಿಳಿಸಿ, ಹೊಸೆದುಕೊಂಡ ಚೀಲಗಳನ್ನು ಜಗ್ಗಿ ಜಗ್ಗಿ ತೆಗೆಯುತ್ತಾರೆ. ಜೊತೆಯಲ್ಲಿ ಮೊಳೆ, ತಂತಿ, ನಾಣ್ಯ, ಹಗ್ಗದ ತುಂಡುಗಳೂ ಬರುತ್ತವೆ. ಒಂದೇ ಹಸುವಿನಿಂದ ಹತ್ತಾರು ಕಿಲೋ ತೆಗೆದ ಉದಾಹರಣೆಗಳು ಅನೇಕ. ಗುಣವಾದ ಹಸುವನ್ನು ಮತ್ತೆ ಅದೇ ಬೀದಿಗೆ ಬಿಟ್ಟರೆ ಅದು ಮತ್ತೆ ಅದೇ ಚೀಲವನ್ನು ತಿನ್ನುತ್ತದೆ. ಪುಟ್ಟಪರ್ತಿಯ ಕರುಣಾ ಸೊಸೈಟಿ ಇಂಥ ಹಸುಗಳಿಗೆ ಚಿಕಿತ್ಸೆ ಮಾಡುತ್ತಲೇ ಪ್ಲಾಸ್ಟಿಕ್ ಚೀಲಗಳ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಇದೇ ಕಾರಣಕ್ಕೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲಿನ ರಾಷ್ಟ್ರೀಯ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಿತು.

ದನಗಳ ನೋವಿಗೆ ಕೊಡುವ ಔಷಧಿಯೂ ದೂರದ ಪರಿಣಾಮ ಬೀರಬಲ್ಲದು. ಡೈಕ್ಲೋಫೆನಾಕ್ ಚುಚ್ಚಿಸಿಕೊಂಡ ದನ ಸತ್ತರೆ, ಅದನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಭಾರತದ ರಣಹದ್ದುಗಳು ಅಳಿವಿನಂಚಿಗೆ ಬಂದದ್ದು ಹೀಗೆ. ಪಶುಚಿಕಿತ್ಸೆಯಲ್ಲಿ ಈ ಔಷಧಿಯನ್ನು 2006ರಲ್ಲಿ ನಿಷೇಧಿಸಲಾಯಿತು. ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ಅದರ ಜಾಗಕ್ಕೆ ಬಂದಿದೆ. ಗೋಶಾಲೆಯ ಔಷಧಿ ಕಪಾಟಿನಲ್ಲಿ ಏನಿದೆ ಎಂಬುದು ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಗೂ ಸಂಬಂಧಿಸಿದ ವಿಷಯ.

ದುಡಿಯುವ ಪ್ರಾಣಿಗಳು

ಎತ್ತು, ಕುದುರೆ, ಕತ್ತೆಗಳಿಗೆ ಒಡೆಯರಿದ್ದಾರೆ; ಆದರೆ ಆ ಒಡೆಯರ ಅಂದಿನ ಊಟ ಆ ಪ್ರಾಣಿಯ ಅಂದಿನ ದುಡಿಮೆಯಿಂದಲೇ ಬರಬೇಕು. ಕುಂಟುವ ಎತ್ತಿಗೆ ವಾರದ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದರೆ ಮನೆಯ ಒಲೆ ವಾರ ಉರಿಯದು. ಇಲ್ಲಿ ದಂಡಕ್ಕಿಂತ ನೆರವು ಹೆಚ್ಚು ಕೆಲಸ ಮಾಡುತ್ತದೆ. ಗಾಡಿ ಎಳೆಯುವ ಪ್ರಾಣಿಗಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು ಎಂದು 1965ರ ನಿಯಮಗಳೇ ಹೇಳುತ್ತವೆ. ಅವು ಪಾಲನೆಯಾಗಬೇಕಾದರೆ ನೆರಳು, ನೀರಿನ ತೊಟ್ಟಿ, ಹತ್ತಿರದಲ್ಲೇ ಚಿಕಿತ್ಸೆ ಇರಬೇಕು. ಮಹಾರಾಷ್ಟ್ರದ ಸಾಂಗ್ಲಿಯಲ್ಲಿ 2003ರಲ್ಲಿ ಆರಂಭವಾದ ಅನಿಮಲ್ ರಾಹತ್, ಕಬ್ಬು ಸಾಗಿಸುವ ಎತ್ತುಗಳಿಗೆ ಸಕ್ಕರೆ ಕಾರ್ಖಾನೆಗಳ ಆಸುಪಾಸಿನಲ್ಲಿಯೇ ಚಿಕಿತ್ಸೆ ಒದಗಿಸುತ್ತ ಬಂದಿದೆ. ನೊಗದ ಉಜ್ಜಿನಿಂದ ಹೆಗಲು ಬಾತು ಹುಣ್ಣಾಗುವುದು, ಲಾಳ ಸವೆದು ಗೊರಸು ಸೀಳುವುದು, ಮೂಗುದಾರದ ಗಾಯ, ಕೊಂಬು ಮುರಿಯುವುದು ಇವೇ ಎತ್ತುಗಳ ಮುಖ್ಯ ತೊಂದರೆಗಳು. ನೊಗವನ್ನು ಸರಿಯಾಗಿ ಕೆತ್ತಿಸುವುದು, ಲಾಳ ಕಟ್ಟುವವರಿಗೆ ತರಬೇತಿ ಕೊಡುವುದು ಔಷಧಿಯಷ್ಟೇ ಮುಖ್ಯವಾದ ಚಿಕಿತ್ಸೆ.

ವನ್ಯಜೀವಿಗಳು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಹೊಣೆ ಸರ್ಕಾರದ್ದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಸಂಸ್ಥೆಯೂ ಅವನ್ನು ಇಟ್ಟುಕೊಳ್ಳುವಂತಿಲ್ಲ. ನಗರದ ವನ್ಯಜೀವಿ ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಹದ್ದು, ಗೂಬೆ, ಬಾವಲಿ, ಹಾವು, ಅಳಿಲು, ಮಂಗಗಳು. ಗಾಳಿಪಟದ ಮಾಂಜಾ ದಾರ ಮರಗಳಲ್ಲಿ ಉಳಿದು ತಿಂಗಳುಗಟ್ಟಲೆ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆ. ಚಿಕಿತ್ಸೆಯ ಗುರಿ ಮರಳಿ ಬಿಡುವುದಾದ್ದರಿಂದ ಇಲ್ಲಿ ಮುದ್ದಿಗೆ ಜಾಗವಿಲ್ಲ. ಮನುಷ್ಯರಿಗೆ ಒಗ್ಗಿದ ಮರಿ ಕಾಡಿನಲ್ಲಿ ಬದುಕಲಾರದೆಂದು ಆರೈಕೆ ಮಾಡುವವರು ಅದರೊಡನೆ ಮಾತನ್ನೂ ಆಡದೆ ಉಣಿಸುತ್ತಾರೆ.

ಕರಡಿ ಕುಣಿಸುವ ವೃತ್ತಿ ಕೊನೆಗೊಂಡದ್ದು ಈ ಕ್ಷೇತ್ರದ ದೊಡ್ಡ ಸಾಧನೆ. ಮರಿಗರಡಿಯ ಮೂತಿಗೆ ಕಾದ ಕಬ್ಬಿಣದಿಂದ ತೂತು ಮಾಡಿ ಹಗ್ಗ ಪೋಣಿಸಿ, ನೋವಿನ ಭಯದಲ್ಲಿ ಅದನ್ನು ಕುಣಿಸುತ್ತಿದ್ದರು. 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಒಎಸ್, ಕರಡಿ ಒಪ್ಪಿಸಿದ ಕಲಂದರ್ ಸಮುದಾಯದ ಕುಟುಂಬಗಳಿಗೆ ಬೇರೆ ಜೀವನೋಪಾಯ ಕೊಡಿಸಿ, ಮಕ್ಕಳನ್ನು ಶಾಲೆಗೆ ಸೇರಿಸಿತು. 600ಕ್ಕೂ ಹೆಚ್ಚು ಕರಡಿಗಳು ಆಗ್ರಾ, ಬನ್ನೇರುಘಟ್ಟ ಮೊದಲಾದ ಧಾಮಗಳನ್ನು ಸೇರಿದವು. ಕೊನೆಯದೆಂದು ದಾಖಲಾದ ಕುಣಿಯುವ ಕರಡಿ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟಕ್ಕೆ ಬಂದಿತು. ಸೆರೆಯಲ್ಲಿ ಬೆಳೆದ ಆನೆಗಳಿಗಾಗಿ ಕೋಲಾರ ಜಿಲ್ಲೆಯ ಮಾಲೂರು ಬಳಿಯೂ ಪಾಲನಾ ಕೇಂದ್ರವಿದೆ.

ಆಶ್ರಯ, ದತ್ತು ಮತ್ತು ದಯಾಮರಣ

ಆಶ್ರಯಧಾಮದ ಜಾಗ ಯಾವಾಗಲೂ ಸಾಲದು. ಗುಣವಾದ ಪ್ರಾಣಿ ಹೊರಗೆ ಹೋದರೆ ಮಾತ್ರ ಮತ್ತೊಂದು ಗಾಯಾಳುವಿಗೆ ಗೂಡು ಸಿಗುತ್ತದೆ. ಆದ್ದರಿಂದ ದತ್ತು ಕೊಡುವುದು ಚಿಕಿತ್ಸೆಯ ಮುಂದುವರಿಕೆಯೇ ಆಗಿದೆ. ಕೇಳಿದವರ ಮನೆ ನೋಡಿ, ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ ಎಂದು ವಿಚಾರಿಸಿ, ಲಸಿಕೆ ಮತ್ತು ಸಂತಾನಹರಣ ಮಾಡಿಸುವ ಬಗ್ಗೆ ಬರೆಸಿಕೊಂಡು ಮರಿ ಕೊಡುತ್ತಾರೆ. ಬೆನ್ನುಹುರಿ ತುಂಡಾದ, ಕಣ್ಣು ಕಳೆದುಕೊಂಡ, ಮುಪ್ಪಾದ ಪ್ರಾಣಿಗಳು ಧಾಮದ ಕಾಯಂ ನಿವಾಸಿಗಳಾಗುತ್ತವೆ.

ಯಾವ ಚಿಕಿತ್ಸೆಯಿಂದಲೂ ನೀಗದ ನೋವಿನಲ್ಲಿರುವ ಪ್ರಾಣಿಗೆ ದಯಾಮರಣ ಕೊಡುವುದನ್ನು ಕಾನೂನು ಒಪ್ಪುತ್ತದೆ. ಗುಣವಾಗದ ರೋಗ ಅಥವಾ ಮಾರಕ ಗಾಯವಿದೆಯೆಂದು ಅರ್ಹ ವೈದ್ಯರು ನಿರ್ಧರಿಸಿ, ಕಾರಣವನ್ನು ದಾಖಲಿಸಬೇಕು. ಅರಿವಳಿಕೆಯ ಔಷಧಿಯನ್ನು ಹೆಚ್ಚು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟಾಗ ಪ್ರಾಣಿ ಮೊದಲು ನಿದ್ರೆಗೆ ಜಾರುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಅಹಿಂಸೆಯ ನೆಲೆಯಿಂದ ಇದನ್ನು ಒಪ್ಪದ ಪಿಂಜ್ರಾಪೋಲ್‌ಗಳು ಪ್ರಾಣಿ ತಾನಾಗಿ ಸಾಯುವವರೆಗೆ ನೋವುನಿವಾರಕ ಕೊಟ್ಟು ಶುಶ್ರೂಷೆ ಮಾಡುತ್ತವೆ. ಎರಡೂ ಕಡೆಯವರ ಕಾಳಜಿ ಆ ಪ್ರಾಣಿಯ ನೋವೇ. ಈ ಪ್ರಶ್ನೆ ಆಸ್ಪತ್ರೆಯ ದಿನನಿತ್ಯದ ಅತಿ ಭಾರದ ತೀರ್ಮಾನವಾಗಿ ಉಳಿದಿದೆ.

ಸಿಬ್ಬಂದಿ ಮತ್ತು ಹಣಕಾಸು

ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ (1984) ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಶಸ್ತ್ರಚಿಕಿತ್ಸೆ ಮಾಡಬಹುದು. ಅವರ ಸುತ್ತ ಪಶುವೈದ್ಯ ಸಹಾಯಕರು, ನಾಯಿ ಹಿಡಿಯುವವರು, ಚಾಲಕರು, ಗೂಡು ತೊಳೆಯುವವರು, ಸ್ವಯಂಸೇವಕರು ಇರುತ್ತಾರೆ. ಪ್ರಾಣಿಯ ದಿನದ ಬಹುಪಾಲು ಇವರ ಕೈಯಲ್ಲಿಯೇ ಕಳೆಯುತ್ತದೆ. ಅದು ಊಟ ಬಿಟ್ಟದ್ದನ್ನು ಮೊದಲು ಗುರುತಿಸುವವರು ಗೂಡು ತೊಳೆಯುವವರು. ಇವರೆಲ್ಲರಿಗೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸುವುದು ಕಡ್ಡಾಯವೆಂಬಷ್ಟು ಅಗತ್ಯ. ನೀಲಗಿರಿಯ ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ನಡೆಸುವ ತರಬೇತಿ ಕೇಂದ್ರದಲ್ಲಿ ಎಳೆಯ ವೈದ್ಯರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕೈಯಾರೆ ಕಲಿಯುತ್ತಾರೆ.

ಆದಾಯದ ಮೂಲಗಳು ಹಲವು: ಸಾರ್ವಜನಿಕರ ದೇಣಿಗೆ, ಸ್ಥಳೀಯ ಸಂಸ್ಥೆಗಳಿಂದ ಪ್ರತಿ ನಾಯಿಗೆ ಇಂತಿಷ್ಟೆಂದು ಬರುವ ಮೊತ್ತ, ಪ್ರಾಣಿ ಕಲ್ಯಾಣ ಮಂಡಳಿಯ ಅನುದಾನ, ಸಾಕುಪ್ರಾಣಿಗಳ ಚಿಕಿತ್ಸೆಗೆ ಪಡೆಯುವ ಸಣ್ಣ ಶುಲ್ಕ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿ ಪ್ರಾಣಿ ಕಲ್ಯಾಣವೂ ಸೇರಿದೆ. ವಿದೇಶಿ ದೇಣಿಗೆಗೆ ಪ್ರತ್ಯೇಕ ನೋಂದಣಿ ಬೇಕು. ಮೇವು, ಔಷಧಿ, ಸಂಬಳ ಈ ಮೂರೂ ನಿಲ್ಲದ ಖರ್ಚುಗಳು. ಒಂದು ರಕ್ಷಣೆಯ ಸುದ್ದಿ ಹರಡಿದಾಗ ದೇಣಿಗೆ ಹರಿದುಬರುತ್ತದೆ; ಕುಂಟ ಎತ್ತಿಗೆ ಹತ್ತು ವರ್ಷ ಹುಲ್ಲು ಹಾಕುವ ಹಣವನ್ನು ಹೊಂದಿಸುವುದು ಕಷ್ಟ.

ವಿವಾದಗಳು ಮತ್ತು ಮಿತಿಗಳು

ಬೀದಿನಾಯಿಗಳ ಪ್ರಶ್ನೆ ಸಮಾಜವನ್ನು ಎರಡು ಪಾಲಾಗಿಸಿದೆ. ಮಗುವಿಗೆ ನಾಯಿ ಕಚ್ಚಿದ ಮನೆಯವರ ಭಯ ನಿಜವಾದದ್ದು. ಬೀದಿಯ ನಾಯಿಗೆ ಅನ್ನ ಹಾಕುವವರ ಮಮತೆಯೂ ನಿಜವಾದದ್ದು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಬೀದಿನಾಯಿಗಳನ್ನು ಆಶ್ರಯಧಾಮಕ್ಕೆ ಸೇರಿಸಬೇಕೆಂದು ಆದೇಶಿಸಿ, ಆಗಸ್ಟ್ 22ರಂದು ಅದನ್ನು ಮಾರ್ಪಡಿಸಿತು. ರೇಬಿಸ್ ತಗಲಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ಮೊದಲಿದ್ದ ಜಾಗದಲ್ಲಿಯೇ ಬಿಡಬೇಕು, ಅನ್ನ ಹಾಕಲು ಜಾಗ ಗೊತ್ತುಮಾಡಬೇಕು ಎಂದಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಲು ಸೂಚಿಸಿತು.

ಸಂತಾನ ನಿಯಂತ್ರಣ ಅರೆಬರೆಯಾದರೆ ಫಲ ಕೊಡುವುದಿಲ್ಲ ಎಂಬುದನ್ನು ಎಲ್ಲ ಪಕ್ಷದವರೂ ಒಪ್ಪುತ್ತಾರೆ. ಒಂದು ಬಡಾವಣೆಯ ಅರ್ಧ ನಾಯಿಗಳನ್ನು ಮುಟ್ಟಿ ಗುತ್ತಿಗೆ ಮುಗಿದರೆ ಉಳಿದರ್ಧ ಕೆಲವೇ ವರ್ಷಗಳಲ್ಲಿ ಲೆಕ್ಕವನ್ನು ಸರಿದೂಗಿಸುತ್ತದೆ. ಪಶುವೈದ್ಯರ ಕೊರತೆ, ಮಾನ್ಯತೆಯಿಲ್ಲದ ಕಡಿಮೆ ದರದ ಗುತ್ತಿಗೆದಾರರು, ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯಲ್ಲಿ ಲೋಪ, ಅಳತೆಮೀರಿ ಪ್ರಾಣಿಗಳನ್ನು ತುಂಬಿಸಿಕೊಂಡ ಧಾಮಗಳು ಈ ಕ್ಷೇತ್ರದ ದೌರ್ಬಲ್ಯಗಳು. ಚಿಕಿತ್ಸಾಲಯದೊಳಗಿನ ಕೌಶಲ ಎಷ್ಟೇ ಇದ್ದರೂ ಪ್ರಾಣಿಗಳ ಹರಿವಿನ ಮೂಲ ಹೊರಗೇ ಇದೆ. ಮುದ್ದಿಗೆ ತಂದು ವರ್ಷ ಕಳೆಯುವುದರಲ್ಲಿ ಬೀದಿಗೆ ಬಿಡುವ ಸಾಕುನಾಯಿ, ಹಾಲು ನಿಂತೊಡನೆ ಹಗ್ಗ ಬಿಚ್ಚುವ ಹಸು, ಗಂಟು ಕಟ್ಟಿ ಎಸೆಯುವ ಕಸದ ಚೀಲ ಈ ಮೂರೂ ಒಡೆಯರಿದ್ದ ಮನೆಗಳಿಂದಲೇ ಹೊರಬರುತ್ತವೆ. ಸಂಸ್ಥೆಗಳು ಶಸ್ತ್ರಚಿಕಿತ್ಸೆಯ ಮೇಜಿನ ಜೊತೆಗೆ ಶಾಲೆ, ಬಡಾವಣೆ, ಹಾಲಿನ ಸಂಘಗಳಲ್ಲಿಯೂ ಕೆಲಸ ಮಾಡುವುದು ಈ ಕಾರಣಕ್ಕಾಗಿ.